ನಲವತ್ತು ಪಂಪುಗಳ ಬೆನ್ನು ಹತ್ತಿ: ಅಂತರರಾಷ್ಟ್ರೀಯ ವಾಣಿಜ್ಯ ಕಾನೂನಿನ ಎಲ್‌ಎಲ್‌ಎಂ ಓದುವ ಬಗೆ

ಅಂತರರಾಷ್ಟ್ರೀಯ ಮತ್ತು ವಾಣಿಜ್ಯ ಕಾನೂನಿನಲ್ಲಿ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡಲು ಬರುವವರಲ್ಲಿ ಹೆಚ್ಚಿನವರು ವಿಷಯಕ್ಕೊಂದು ನೋಟ್‌ಬುಕ್ ಇಟ್ಟುಕೊಂಡು ಶುರು ಮಾಡುತ್ತಾರೆ. ಮಾರಾಟದ ಕಾನೂನಿಗೆ ಒಂದು, ಹಡಗು ಸಾಗಣೆಗೆ ಒಂದು, ಬ್ಯಾಂಕ್ ಪಾವತಿಗೆ ಒಂದು, ಆರ್ಬಿಟ್ರೇಶನ್‌ಗೆ (ನ್ಯಾಯಾಲಯದ ಬದಲು ಪಕ್ಷಗಳು ಒಪ್ಪಿದ ಮಧ್ಯಸ್ಥರಿಂದ ವ್ಯಾಜ್ಯ ತೀರ್ಮಾನ) ಒಂದು. ಎರಡನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಾಲ್ಕೂ ತುಂಬಿರುತ್ತವೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಕೇಳಿದರೆ ಉತ್ತರ ಹೊರಡುವುದಿಲ್ಲ.

ನಾನು ಈ ಓದಿಗೆ ಬರುವ ಮೊದಲು ಬ್ಯಾಂಕೊಂದರ ವಿದೇಶ ವ್ಯಾಪಾರ ವಿಭಾಗದಲ್ಲಿ ಲೆಟರ್ ಆಫ್ ಕ್ರೆಡಿಟ್ (ತಕ್ಕ ದಾಖಲೆ ಕೊಟ್ಟರೆ ಮಾರಾಟಗಾರನಿಗೆ ಹಣ ಕೊಡುತ್ತೇನೆಂಬ ಬ್ಯಾಂಕಿನ ಭರವಸೆ) ದಾಖಲೆಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೆ. ಅಲ್ಲಿ ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ (ಸರಕು ಪಡೆದದ್ದಕ್ಕೆ ಹಡಗು ಕಂಪನಿ ಕೊಡುವ ಪತ್ರ), ವಿಮೆಯ ಪತ್ರ ಎಲ್ಲವೂ ಒಂದೇ ಫೈಲಿನಲ್ಲಿ ಮೇಜಿಗೆ ಬರುತ್ತಿದ್ದವು. ಕಾನೂನನ್ನೂ ಹಾಗೇ ಓದಬೇಕು ಎನ್ನುವುದು ನನ್ನಲ್ಲಿ ಅಲ್ಲಿಂದಲೇ ಬೇರೂರಿದ ನಂಬಿಕೆ. ಈಗ ವಿದ್ಯಾರ್ಥಿಗಳ ಡಿಸರ್ಟೇಶನ್‌ಗೆ (ಪದವಿಯ ಕೊನೆಯ ಸಂಶೋಧನಾ ಪ್ರಬಂಧ) ಮಾರ್ಗದರ್ಶನ ಮಾಡುವಾಗ ಎಲ್ಲರಿಗೂ ಮೊದಲು ಹೇಳುವುದು ಇದನ್ನೇ: ಒಂದು ಸರಕನ್ನು ಹಿಡಿದುಕೊಳ್ಳಿ. ಅದು ಕಾರ್ಖಾನೆ ಬಿಟ್ಟಲ್ಲಿಂದ ಕೊನೆಯ ಹಣ ವಸೂಲಾಗುವ ತನಕ ಅದರ ಬೆನ್ನು ಬಿಡಬೇಡಿ. ವರ್ಷವಿಡೀ ಪ್ರತಿ ಪಾಠವನ್ನೂ ಅದೇ ಸರಕಿಗೆ ಹಚ್ಚಿ ನೋಡಿ.

ಸೇರುವ ಮೊದಲು ನೋಡಬೇಕಾದ್ದು

ಕೋರ್ಸಿನ ಹೆಸರನ್ನು ನಂಬಿ ಅರ್ಜಿ ಹಾಕಬೇಡಿ. ಒಂದೇ ಹೆಸರಿನ ಕೋರ್ಸ್ ಒಂದು ಕಡೆ ವಿಶ್ವ ವ್ಯಾಪಾರ ಸಂಸ್ಥೆ, ಹೂಡಿಕೆ ಒಡಂಬಡಿಕೆ, ಮಾನವ ಹಕ್ಕು ಎಂದು ದೇಶ ದೇಶಗಳ ನಡುವಿನ ಕಾನೂನಿನತ್ತ ವಾಲಿರುತ್ತದೆ. ಇನ್ನೊಂದು ಕಡೆ ಕಂಪನಿ ಕಂಪನಿಗಳ ನಡುವಿನ ಮಾರಾಟ, ಸಾಗಣೆ, ಪಾವತಿಯತ್ತ. ಮಾಡ್ಯೂಲ್ ಪಟ್ಟಿ ತೆಗೆದು ನೋಡಿ. ವಾಣಿಜ್ಯದ ಕಡೆ ಕೆಲಸ ಮಾಡುವ ಆಸೆಯಿದ್ದರೆ ಅಂತರರಾಷ್ಟ್ರೀಯ ಮಾರಾಟ, ಸಾಗಣೆ, ಆರ್ಬಿಟ್ರೇಶನ್ ಈ ಮೂರೂ ಇರಬೇಕು. ಯಾವ ದೇಶದ ಕಾನೂನು ಅನ್ವಯವಾಗುತ್ತದೆ ಎಂದು ತೀರ್ಮಾನಿಸುವ ಖಾಸಗಿ ಅಂತರರಾಷ್ಟ್ರೀಯ ಕಾನೂನೂ ಇದ್ದರೆ ಆ ಕೋರ್ಸಿಗೆ ನನ್ನ ಮತ. ಕಷ್ಟವೆಂದು ಹಲವರು ಬಿಟ್ಟುಬಿಡುವ ಮಾಡ್ಯೂಲ್ ಅದು, ಆದರೆ ಉಳಿದೆಲ್ಲ ಮಾಡ್ಯೂಲ್‌ಗಳ ಬೀಗದ ಕೈ ಅದರಲ್ಲೇ ಇದೆ.

ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಇದು ಒಂದು ವರ್ಷದ ಪೂರ್ಣಾವಧಿ ಓದು: ಒಟ್ಟು 180 ಕ್ರೆಡಿಟ್, ಅದರಲ್ಲಿ ಬಹುತೇಕ ಕಡೆ 120 ತರಗತಿಯದ್ದು, 60 ಡಿಸರ್ಟೇಶನ್‌ದು. ಪದವಿ ಬಂದ ಮಾತ್ರಕ್ಕೆ ಆ ದೇಶದಲ್ಲಿ ವಕೀಲಿ ಮಾಡುವ ಪರವಾನಗಿ ಬರುವುದಿಲ್ಲ. ಇಂಗ್ಲೆಂಡ್‌ನಲ್ಲಿ 2021ರಿಂದ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗುವವರಿಗೆ ಎಸ್‌ಕ್ಯೂಇ ಎಂಬ ಪರೀಕ್ಷೆಯೇ ಬೇರೆ ಇದೆ, ಎಲ್‌ಎಲ್‌ಎಂ ಅದರ ಜಾಗದಲ್ಲಿ ನಿಲ್ಲದು. ವಕೀಲಿ ಪರವಾನಗಿಯ ನ್ಯೂಯಾರ್ಕ್ ಬಾರ್ ಪರೀಕ್ಷೆಗೆ ಕೂರಬೇಕೆಂದು ಅಮೆರಿಕದಲ್ಲಿ ಎಲ್‌ಎಲ್‌ಎಂ ಮಾಡುವ ವಿದೇಶಿ ಪದವೀಧರರು ಕನಿಷ್ಠ 24 ಕ್ರೆಡಿಟ್ ಮುಗಿಸಬೇಕು. ಆ 24ರೊಳಗೆ ವೃತ್ತಿ ಹೊಣೆ, ಕಾನೂನು ಬರವಣಿಗೆ, ಅಮೆರಿಕದ ಕಾನೂನಿನ ಪರಿಚಯ ಇವು ಇರಲೇಬೇಕು. ಅಂತರರಾಷ್ಟ್ರೀಯ ವಿಷಯಗಳನ್ನೇ ಆರಿಸಿಕೊಂಡು ಹೋದವರಿಗೆ ಈ ಲೆಕ್ಕ ಕೊನೆಯಲ್ಲಿ ತಾಳೆಯಾಗದೆ ಇರಬಹುದು, ಆದ್ದರಿಂದ ಮಾಡ್ಯೂಲ್ ಆರಿಸುವ ದಿನವೇ ಈ ಪಟ್ಟಿ ಎದುರಿಗಿರಲಿ.

ಉದ್ದೇಶ ಪತ್ರದಲ್ಲಿ ಜಾಗತೀಕರಣದ ಬಗ್ಗೆ ಪ್ಯಾರಾ ಬರೆಯಬೇಡಿ. ನಿಮ್ಮನ್ನು ಕಾಡಿದ ಒಂದು ಕಾನೂನು ಪ್ರಶ್ನೆ ಬರೆಯಿರಿ, ಅದಕ್ಕೆ ಆ ಕೋರ್ಸಿನ ಯಾವ ಮಾಡ್ಯೂಲ್ ನೆರವಾಗುತ್ತದೆ ಎಂದು ಹೇಳಿ. ಅಷ್ಟು ಸಾಕು.

ತರಗತಿ ಶುರುವಾಗುವ ಮುಂಚಿನ ಓದು

ದಪ್ಪ ಪಠ್ಯಪುಸ್ತಕ ಕೊಳ್ಳುವ ಆತುರ ಬೇಡ. ಮೂಲ ಪಠ್ಯಗಳನ್ನು ಇಳಿಸಿಕೊಳ್ಳಿ, ಎಲ್ಲವೂ ಉಚಿತವಾಗಿ ಸಿಗುತ್ತವೆ. 1980ರ ವಿಯೆನ್ನಾ ಮಾರಾಟ ಒಡಂಬಡಿಕೆ, ಎಲ್ಲರೂ ಸಿಐಎಸ್‌ಜಿ ಎನ್ನುವುದು ಇದನ್ನೇ, 101 ವಿಧಿಗಳದ್ದು. 1988ರ ಜನವರಿ 1ರಿಂದ ಜಾರಿಯಲ್ಲಿದೆ. ಆರ್ಬಿಟ್ರೇಶನ್ ಅವಾರ್ಡ್‌ಗಳ (ಆರ್ಬಿಟ್ರೇಟರ್‌ಗಳು ಕೊಡುವ ತೀರ್ಪುಗಳ) ಮಾನ್ಯತೆಗೆ ಸಂಬಂಧಿಸಿದ 1958ರ ನ್ಯೂಯಾರ್ಕ್ ಒಡಂಬಡಿಕೆಯಲ್ಲಿರುವುದು ಬರೀ 16 ವಿಧಿ; ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. 170ಕ್ಕೂ ಹೆಚ್ಚು ದೇಶಗಳು ಒಪ್ಪಿಕೊಂಡಿರುವ ಈ ಪುಟ್ಟ ಪಠ್ಯದ ಮೇಲೆ ಇಡೀ ಅಂತರರಾಷ್ಟ್ರೀಯ ಆರ್ಬಿಟ್ರೇಶನ್ ನಿಂತಿದೆ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವಾದ ಅನ್‌ಸಿಟ್ರಾಲ್‌ನ ಆರ್ಬಿಟ್ರೇಶನ್ ಮಾದರಿ ಕಾನೂನು 1985ರದ್ದು, 2006ರಲ್ಲಿ ತಿದ್ದುಪಡಿಯಾಗಿದೆ, 36 ವಿಧಿ. ಇದರ ಜತೆ ಯೂನಿಡ್ರಾಯ್ಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ವಾಣಿಜ್ಯ ಕರಾರುಗಳಿಗೆ ಬರೆದ ತತ್ವಗಳ 2016ರ ಆವೃತ್ತಿ ಇಟ್ಟುಕೊಳ್ಳಿ. ಅದು ಯಾವ ದೇಶದ ಕಾನೂನೂ ಅಲ್ಲ, ಆದರೆ ಅದರ ಪ್ರತಿ ವಿಧಿಯ ಕೆಳಗಿನ ವಿವರಣೆ ಮತ್ತು ಉದಾಹರಣೆಗಳು ಓದುವವರಿಗೆ ಗುರುವಿನಂತೆ.

ಈ ಪಠ್ಯಗಳನ್ನು ಮುದ್ರಿಸಿ, ಅಂಚು ಅಗಲವಾಗಿ ಬಿಟ್ಟು ಬೈಂಡ್ ಮಾಡಿಸಿ. ತೀರ್ಪು ಓದಿದಾಗಲೆಲ್ಲ ಅದರ ಹೆಸರು, ವರ್ಷ, ಒಂದು ಸಾಲಿನ ಸಾರವನ್ನು ಆಯಾ ವಿಧಿಯ ಪಕ್ಕದಲ್ಲೇ ಬರೆಯಿರಿ. ವರ್ಷದ ಕೊನೆಗೆ ನಿಮ್ಮ ಅತ್ಯುತ್ತಮ ನೋಟ್ಸ್ ಇದೇ ಆಗಿರುತ್ತದೆ.

ಕಾನೂನು ಪದವಿಯಲ್ಲಿ ಒಂದೇ ಪದ್ಧತಿಯನ್ನು ಓದಿ ಬಂದವರು ಇನ್ನೊಂದರ ಪರಿಚಯ ಮಾಡಿಕೊಳ್ಳಬೇಕು. ಕಾಮನ್ ಲಾ (ಇಂಗ್ಲಿಷ್ ಮೂಲದ ಪದ್ಧತಿ) ಓದಿದವರಿಗೆ ಪ್ರತಿಫಲವಿಲ್ಲದ ಕರಾರು ಊರ್ಜಿತವಾಗುವುದು ವಿಚಿತ್ರವೆನಿಸುತ್ತದೆ. ಜರ್ಮನ್ ಅಥವಾ ಫ್ರೆಂಚ್ ಪದ್ಧತಿ ಓದಿದವರಿಗೆ, ಕರಾರಿಗೆಲ್ಲ ಅನ್ವಯವಾಗುವ ಸದ್ಭಾವನೆಯ ತತ್ವವನ್ನು ಇಂಗ್ಲಿಷ್ ಕಾನೂನು ಒಪ್ಪದಿರುವುದು. ಈ ವಿಚಿತ್ರ ಎನಿಸುವ ಜಾಗಗಳನ್ನು ಗುರುತು ಹಾಕಿಟ್ಟುಕೊಳ್ಳಿ, ಪರೀಕ್ಷೆಯ ಪ್ರಶ್ನೆಗಳು ಹುಟ್ಟುವುದು ಅಲ್ಲೇ.

ಸರಕು ಹೊರಟಿತು

ನಾನು ಕಲಿಸುವಾಗ ಬಳಸುವ ಸರಕು ಇದು. ಜರ್ಮನಿಯ ಕಂಪನಿಯೊಂದು ಬ್ರೆಜಿಲ್‌ನ ಕಂಪನಿಗೆ 40 ನೀರೆತ್ತುವ ಪಂಪು ಮಾರುತ್ತದೆ, ತಲಾ 200 ಕಿಲೋ. ಹ್ಯಾಂಬರ್ಗ್ ಬಂದರಿನಿಂದ ಸ್ಯಾಂಟೋಸ್ ಬಂದರಿಗೆ, ವಿಮೆ, ಸಾಗಣೆ ಬೆಲೆಯಲ್ಲೇ ಸೇರುವ ಸಿಐಎಫ್ ಷರತ್ತಿನಲ್ಲಿ, ಕಂಟೇನರ್‌ನಲ್ಲಿ. ಪಾವತಿ ಲೆಟರ್ ಆಫ್ ಕ್ರೆಡಿಟ್ ಮೂಲಕ. ಕರಾರಿಗೆ ಜರ್ಮನ್ ಕಾನೂನು, ವ್ಯಾಜ್ಯ ಬಂದರೆ ಲಂಡನ್‌ನಲ್ಲಿ ಆರ್ಬಿಟ್ರೇಶನ್. ದಾರಿಯಲ್ಲಿ ಬಿರುಗಾಳಿಗೆ ಸಮುದ್ರದ ನೀರು ಕಂಟೇನರ್‌ಗೆ ನುಗ್ಗಿ 8 ಪಂಪು ಹಾಳಾದವು. ಇಳಿಸಿ ನೋಡಿದರೆ ಇನ್ನೂ 12 ಪಂಪುಗಳಲ್ಲಿ ಬ್ರೆಜಿಲ್‌ಗೆ ಬೇಕಾದ 60 ಹರ್ಟ್ಜ್ ಮೋಟರ್ ಬದಲು ಜರ್ಮನಿಯಲ್ಲಿ ನಡೆಯುವ 50 ಹರ್ಟ್ಜ್ ಮೋಟರ್ ಇದೆ.

ಮೊದಲ ಪ್ರಶ್ನೆ: ಯಾವ ಕಾನೂನು? ‘ಜರ್ಮನ್ ಕಾನೂನು’ ಎಂದು ಬರೆದಿದೆಯಲ್ಲ ಎಂದು ಜರ್ಮನ್ ಸಿವಿಲ್ ಕೋಡ್‌ಗೆ ಹಾರುವವರು ಇಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ಜರ್ಮನಿ, ಬ್ರೆಜಿಲ್ ಎರಡೂ ಸಿಐಎಸ್‌ಜಿಯ ಸದಸ್ಯ ದೇಶಗಳು. ಒಡಂಬಡಿಕೆ ಜರ್ಮನ್ ಕಾನೂನಿನ ಭಾಗವೇ ಆಗಿದೆ. 6ನೇ ವಿಧಿಯಡಿ ಅದನ್ನು ಬೇಡವೆಂದು ಹೊರಗಿಡದಿದ್ದರೆ ಅನ್ವಯವಾಗುವುದು ಅದೇ. ಬ್ರಿಟನ್ ಈ ಒಡಂಬಡಿಕೆಗೆ ಸೇರಿಲ್ಲ, ಆದರೂ ಲಂಡನ್‌ನಲ್ಲಿ ಕೂತ ಆರ್ಬಿಟ್ರೇಟರ್‌ಗಳು ಇದನ್ನೇ ಅನ್ವಯಿಸಬೇಕಾಗುತ್ತದೆ. ಹಾಗೆಂದು ಇದು ಎಲ್ಲಕ್ಕೂ ಉತ್ತರಿಸುವುದಿಲ್ಲ: 4ನೇ ವಿಧಿಯ ಪ್ರಕಾರ ಸರಕಿನ ಮಾಲೀಕತ್ವ ಯಾವಾಗ ಕೈ ಬದಲಾಯಿತು, ಕರಾರು ಊರ್ಜಿತವೇ ಎಂಬ ಪ್ರಶ್ನೆಗಳು ಅದರ ಹೊರಗೆ. ಅಲ್ಲಿಗೆ ಮತ್ತೆ ದೇಶದ ಕಾನೂನು ಬೇಕು.

ಎರಡನೆಯದು, ನಷ್ಟ ಯಾರ ಪಾಲಿಗೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ರೂಪಿಸಿದ ಮಾರಾಟ ಷರತ್ತುಗಳಾದ ಇಂಕೋಟರ್ಮ್ಸ್ 2020ರ 11 ನಿಯಮಗಳಲ್ಲಿ ಸಿಐಎಫ್ ಒಂದು. ಇದರಲ್ಲಿ ಸಾಗಣೆ ಖರ್ಚನ್ನೂ ವಿಮೆಯನ್ನೂ ಕೊಡುವವನು ಮಾರಾಟಗಾರ, ಸರಿ. ಆದರೆ ಸರಕು ಹ್ಯಾಂಬರ್ಗ್‌ನಲ್ಲಿ ಹಡಗು ಹತ್ತಿದ ಗಳಿಗೆಗೇ ಅಪಾಯ ಖರೀದಿದಾರನಿಗೆ ದಾಟಿಬಿಡುತ್ತದೆ. ಖರ್ಚು ಸ್ಯಾಂಟೋಸ್‌ವರೆಗೆ, ಅಪಾಯ ಹ್ಯಾಂಬರ್ಗ್‌ವರೆಗೆ: ಈ ಎರಡು ಗೆರೆ ಬೇರೆ ಬೇರೆ ಎನ್ನುವುದು ಮನಸ್ಸಿಗೆ ಇಳಿಯುವ ತನಕ ಮುಂದಕ್ಕೆ ಹೋಗಬೇಡಿ. ಹಾಗಾಗಿ ನೀರಿಗೆ ಸಿಕ್ಕ 8 ಪಂಪುಗಳ ಬೆಲೆಯನ್ನೂ ಖರೀದಿದಾರ ಕೊಡಲೇಬೇಕು, ಸಿಐಎಸ್‌ಜಿಯ 66ನೇ ವಿಧಿ ಅದನ್ನೇ ಹೇಳುತ್ತದೆ. ಮೋಟರ್ ತಪ್ಪಿದ 12 ಪಂಪುಗಳ ಕಥೆ ಬೇರೆ. ಆ ದೋಷ ಹಡಗು ಹತ್ತುವ ಮೊದಲೇ ಇತ್ತು. ಕಣ್ಣಿಗೆ ಬಿದ್ದದ್ದು ಆಮೇಲೆ ಅಷ್ಟೇ. 36ನೇ ವಿಧಿಯಡಿ ಅದಕ್ಕೆ ಮಾರಾಟಗಾರನೇ ಹೊಣೆ. ಒಂದೇ ಕಂಟೇನರ್‌ನೊಳಗಿನ 8 ಮತ್ತು 12ನ್ನು ಹೀಗೆ ಬೇರ್ಪಡಿಸಲು ಬಂದರೆ ಮಾರಾಟದ ಕಾನೂನಿನ ಅರ್ಧ ಕೈಗೆ ಬಂದಂತೆ.

ಮೂರನೆಯದು ವಿಮೆ. ತರಗತಿಯಲ್ಲಿ ಇದನ್ನು ಬೇಗ ದಾಟಿಸುತ್ತಾರೆ, ಆದರೆ ವ್ಯಾಪಾರಿಗಳಿಗೆ ಹೊಡೆತ ಬೀಳುವುದು ಇಲ್ಲೇ. ಸಿಐಎಫ್‌ನಲ್ಲಿ ಮಾರಾಟಗಾರ ಕೊಡಬೇಕಾದ್ದು ಕನಿಷ್ಠ ವಿಮೆ: ಕರಾರಿನ ಬೆಲೆಯ 110 ಪ್ರತಿಶತಕ್ಕೆ, ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಎಂಬ ಸರಕು ವಿಮೆಯ ಮಾದರಿ ಷರತ್ತುಗಳ ‘ಸಿ’ ಮಟ್ಟದಲ್ಲಿ. ಈ ‘ಸಿ’ ಬೆಂಕಿ, ಹಡಗು ನೆಲಕ್ಕೆ ಹತ್ತುವುದು, ಡಿಕ್ಕಿ ಇಂಥವನ್ನು ಒಳಗೊಳ್ಳುತ್ತದೆ. ಸಮುದ್ರದ ನೀರು ಕಂಟೇನರ್‌ಗೆ ನುಗ್ಗುವುದು ಇದರಲ್ಲಿಲ್ಲ, ಅದು ‘ಬಿ’ಯಲ್ಲಿದೆ. ಎಂದರೆ ನಮ್ಮ 8 ಪಂಪುಗಳಿಗೆ ವಿಮೆ ಇದ್ದೂ ಇಲ್ಲ. ಅದೇ ಕರಾರು ಸಿಐಪಿ ಷರತ್ತಿನಲ್ಲಿ (ಸಿಐಎಫ್‌ನಂತೆಯೇ, ಆದರೆ ಯಾವ ಬಗೆಯ ಸಾಗಣೆಗೂ ಹೊಂದುವುದು) ಆಗಿದ್ದರೆ, 2020ರ ಆವೃತ್ತಿಯ ಪ್ರಕಾರ ‘ಎ’ ಮಟ್ಟದ ವಿಮೆ ಕೊಡಬೇಕಿತ್ತು, ನಷ್ಟ ತುಂಬುತ್ತಿತ್ತು. ಕಂಟೇನರ್ ಸರಕಿಗೆ ಸಿಐಎಫ್‌ಗಿಂತ ಸಿಐಪಿ ಸೂಕ್ತ ಎನ್ನಲು ಇನ್ನೊಂದು ಕಾರಣವೂ ಇದೆ: ಕಂಟೇನರ್ ಅನ್ನು ಮಾರಾಟಗಾರ ಒಪ್ಪಿಸುವುದು ಟರ್ಮಿನಲ್‌ನಲ್ಲಿ, ಹಡಗಿನ ಮೇಲಲ್ಲ.

ಇನ್ನು ಹಡಗು ಕಂಪನಿ. ಬಿಲ್ ಆಫ್ ಲೇಡಿಂಗ್‌ಗೆ ಸಮುದ್ರ ಸಾಗಣೆದಾರರ ಹೊಣೆ ಹೇಳುವ ಹೇಗ್-ವಿಸ್ಬಿ ನಿಯಮ ಅನ್ವಯವಾಗುತ್ತದೆ ಎಂದುಕೊಳ್ಳಿ. ‘ಸಮುದ್ರದ ಅಪಾಯ’ ಎಂದು ಕಂಪನಿ ಕೈ ಎತ್ತಬಹುದು. ಹಡಗನ್ನು ಯಾನಯೋಗ್ಯವಾಗಿಡಲು ತಕ್ಕ ಎಚ್ಚರ ವಹಿಸಲಿಲ್ಲ ಎಂದು ಖರೀದಿದಾರ ವಾದಿಸಬಹುದು. ಸರಕು ನೋಡಿಕೊಳ್ಳುವುದರಲ್ಲಿ ತಾನು ಕಸರು ಮಾಡಲಿಲ್ಲ ಎಂದು ರುಜುವಾತು ಪಡಿಸುವ ಹೊರೆ ಸಾಗಣೆದಾರನ ಮೇಲಿದೆ ಎಂದು ಬ್ರಿಟನ್‌ನ ಸುಪ್ರೀಂ ಕೋರ್ಟ್ 2018ರ ವೋಲ್‌ಕೆಫೆ ತೀರ್ಪಿನಲ್ಲಿ ಹೇಳಿತು. ಆ ತೀರ್ಪು ಓದಲೇಬೇಕು. ದಾವೆ ಹೂಡಲು ಇರುವುದು ಒಂದೇ ವರ್ಷ. ಪರಿಹಾರಕ್ಕೂ ಮಿತಿಯಿದೆ: ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್ ಅಥವಾ ಕಿಲೋಗೆ 2 ಎಸ್‌ಡಿಆರ್, ಯಾವುದು ಹೆಚ್ಚೋ ಅದು. ಎಸ್‌ಡಿಆರ್ ಎನ್ನುವುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ.

ಲೆಕ್ಕ ಹಾಕಿ ನೋಡಿ, ಸುಮ್ಮನೆ ಓದಿ ಬಿಡಬೇಡಿ. 40 ಪಂಪೂ ಹಾಳಾದವು ಎಂದಿಟ್ಟುಕೊಳ್ಳೋಣ. ಬಿಲ್‌ನಲ್ಲಿ ‘40 ಪಂಪು’ ಎಂದು ಎಣಿಸಿ ಬರೆದಿದ್ದರೆ ತಲಾ ಪಂಪು ಒಂದು ಪ್ಯಾಕೇಜು, ಮಿತಿ 26,666.80 ಎಸ್‌ಡಿಆರ್. ‘ಒಂದು ಕಂಟೇನರ್’ ಎಂದಷ್ಟೇ ಬರೆದಿದ್ದರೆ ಇಡೀ ಕಂಟೇನರ್ ಒಂದು ಪ್ಯಾಕೇಜು. ಆಗ ತೂಕದ ಲೆಕ್ಕವೇ ಹೆಚ್ಚು, 8,000 ಕಿಲೋಗೆ 16,000 ಎಸ್‌ಡಿಆರ್. ದಾಖಲೆಯಲ್ಲಿ ಎರಡು ಪದ ಬರೆಯದೆ ಬಿಟ್ಟಿದ್ದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಎಸ್‌ಡಿಆರ್ ವ್ಯತ್ಯಾಸ. ಸಂಖ್ಯೆ ಕಂಡರೆ ಹಿಂಜರಿಯುವ ಕಾನೂನು ವಿದ್ಯಾರ್ಥಿಗಳು ಈ ಒಂದು ಗುಣಾಕಾರವನ್ನು ಕೈಯಾರೆ ಮಾಡಿದರೆ ಆ ನಿಯಮವನ್ನು ಮತ್ತೆ ಮರೆಯುವುದಿಲ್ಲ.

ಬ್ಯಾಂಕು ನೋಡುವುದು ಕಾಗದವನ್ನು

ನನಗೆ ಹತ್ತಿರದ ವಿಷಯ ಇದು, ಸ್ವಲ್ಪ ನಿಂತು ಹೇಳುತ್ತೇನೆ. ಲೆಟರ್ ಆಫ್ ಕ್ರೆಡಿಟ್‌ಗೆ ಸಾಮಾನ್ಯವಾಗಿ ಅನ್ವಯವಾಗುವ ನಿಯಮಗಳು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಯುಸಿಪಿ 600, 2007ರ ಜುಲೈ 1ರಿಂದ ಬಳಕೆಯಲ್ಲಿದೆ, 39 ವಿಧಿ. ಅದು ಯಾವ ಸಂಸತ್ತೂ ಮಾಡಿದ ಕಾನೂನಲ್ಲ. ಪಕ್ಷಗಳು ಒಪ್ಪಿ ಸೇರಿಸಿಕೊಳ್ಳುವುದರಿಂದ ಬಲ ಪಡೆಯುತ್ತದೆ. ಅದರ 4 ಮತ್ತು 5ನೇ ವಿಧಿಯನ್ನು ಬಾಯಿಪಾಠ ಮಾಡಿ: ಕ್ರೆಡಿಟ್ ಬೇರೆ, ಮಾರಾಟದ ಕರಾರು ಬೇರೆ, ಬ್ಯಾಂಕು ವ್ಯವಹರಿಸುವುದು ದಾಖಲೆಗಳೊಂದಿಗೆ, ಸರಕಿನೊಂದಿಗಲ್ಲ.

ಮೇಜಿನಾಚೆ ಕೂತು ಈ ಕೆಲಸ ಮಾಡಿದವರಿಗೆ ಗೊತ್ತು, ಪರಿಶೀಲಕರಿಗೆ ಪಂಪು ಕಾಣುವುದೇ ಇಲ್ಲ. ಕಾಣುವುದು ಇನ್‌ವಾಯ್ಸ್‌ನಲ್ಲಿನ ಸರಕಿನ ವಿವರಣೆ ಕ್ರೆಡಿಟ್‌ನಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ, ಹಡಗು ಹತ್ತಿದ ದಿನಾಂಕ ಕೊನೆಯ ದಿನದೊಳಗಿದೆಯೇ, ವಿಮೆಯ ಮೊತ್ತ ಸರಿಯಿದೆಯೇ ಎಂಬಷ್ಟೇ. ಇದಕ್ಕೆ ಗರಿಷ್ಠ ಐದು ಬ್ಯಾಂಕಿಂಗ್ ದಿನ. ದಾಖಲೆ ತಿರಸ್ಕರಿಸುವುದಾದರೆ 16ನೇ ವಿಧಿಯಡಿ ಒಂದೇ ನೋಟಿಸಿನಲ್ಲಿ ಎಲ್ಲ ದೋಷಗಳನ್ನೂ ಪಟ್ಟಿ ಮಾಡಬೇಕು. ಅವಧಿ ತಪ್ಪಿದರೆ ಬ್ಯಾಂಕು ಆಮೇಲೆ ತಕರಾರು ಎತ್ತುವಂತಿಲ್ಲ. ನಮ್ಮ ಸರಕಿನಲ್ಲಿ ದಾಖಲೆಗಳು ಚೊಕ್ಕವಾಗಿದ್ದರೆ ಮೋಟರ್ ತಪ್ಪಿದ್ದರೂ, ಪಂಪು ನೆನೆದಿದ್ದರೂ ಬ್ಯಾಂಕು ಹಣ ಕೊಡುತ್ತದೆ. ಅನ್ಯಾಯ ಅನಿಸಬಹುದು. ಆದರೆ ಮೊದಲು ಹಣ, ಆಮೇಲೆ ವಾದ ಎಂಬ ಈ ಏರ್ಪಾಡು ಇರುವುದರಿಂದಲೇ ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರು ವ್ಯಾಪಾರ ಮಾಡುತ್ತಾರೆ.

ಇದಕ್ಕಿರುವ ಅಪವಾದ ವಂಚನೆ. ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿ. 1941ರ ನ್ಯೂಯಾರ್ಕ್‌ನ ಸ್ಟೈನ್ ಪ್ರಕರಣದಲ್ಲಿ ಬ್ರಷ್ಷಿನ ಬಿರುಗೂದಲು ಕಳಿಸುತ್ತೇನೆಂದು ಹಸುವಿನ ಕೂದಲನ್ನೂ ಕಸವನ್ನೂ ತುಂಬಿ ಕಳಿಸಿದ ಆರೋಪ. ಮಾರಾಟಗಾರನೇ ವಂಚಿಸಿದ್ದರೆ ಪಾವತಿ ತಡೆಯಬಹುದು ಎಂದಿತು ನ್ಯಾಯಾಲಯ. 1982ರ ಇಂಗ್ಲಿಷ್ ಪ್ರಕರಣ ಯುನೈಟೆಡ್ ಸಿಟಿ ಮರ್ಚೆಂಟ್ಸ್‌ನಲ್ಲಿ ಸರಕು ಹಡಗು ಹತ್ತಿದ್ದು ಡಿಸೆಂಬರ್ 16ರಂದು, ಬಿಲ್‌ನಲ್ಲಿ ಬರೆದದ್ದು 15. ತಪ್ಪು ದಿನಾಂಕ ಹಾಕಿದ್ದು ಮೂರನೆಯವನು, ಮಾರಾಟಗಾರನಿಗೆ ತಿಳಿದಿರಲಿಲ್ಲ; ಆಗ ಬ್ರಿಟನ್‌ನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹಣ ಕೊಡಿ ಎಂದಿತು. ಇದನ್ನು ಒಪ್ಪಬೇಕೋ ಬೇಡವೋ ಎಂದು ನಿಮ್ಮದೇ ಒಂದು ಪುಟ ಬರೆಯಿರಿ. ಸುಳ್ಳು ದಾಖಲೆಗೆ ಹಣ ಕೊಡಿಸುವುದು ಸರಿಯಲ್ಲ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ದಾಖಲೆಯ ಮೇಲೇ ಎಲ್ಲವೂ ನಿಂತಿರುವಾಗ ದಾಖಲೆಯ ಸತ್ಯಕ್ಕೆ ಬೆಲೆ ಕೊಡಬೇಕು ಎಂಬ ಆ ವಾದದ ಕಡೆಗೇ ನಾನೂ ಇದ್ದೇನೆ.

ತೀರ್ಪುಗಳನ್ನು ಓದುವುದು

ಮೋಟರ್ ತಪ್ಪಿದ ಪಂಪುಗಳಿಗೆ ಹಿಂದಿರುಗೋಣ. ಕರಾರಿನಲ್ಲಿ 60 ಹರ್ಟ್ಜ್ ಎಂದು ಬರೆದಿದ್ದರೆ ಸಿಐಎಸ್‌ಜಿಯ 35ನೇ ವಿಧಿಯ ಮೊದಲ ಭಾಗವೇ ಸಾಕು. ಬರೆಯದೇ ಇದ್ದರೆ? ಖರೀದಿದಾರನ ದೇಶದ ಮಾನದಂಡವನ್ನು ಮಾರಾಟಗಾರ ತಿಳಿದಿರಬೇಕೇ? ಇಲ್ಲಿ 1995ರ ಜರ್ಮನ್ ಸುಪ್ರೀಂ ಕೋರ್ಟಿನ ತೀರ್ಪು ಬರುತ್ತದೆ. ಸ್ವಿಸ್ ಮಾರಾಟಗಾರನೊಬ್ಬ ಜರ್ಮನ್ ಖರೀದಿದಾರನಿಗೆ ನ್ಯೂಜಿಲೆಂಡ್‌ನ ಚಿಪ್ಪುಜೀವಿಗಳನ್ನು ಮಾರಿದ. ಅದರಲ್ಲಿ ಕ್ಯಾಡ್ಮಿಯಂ ಪ್ರಮಾಣ ಜರ್ಮನಿಯ ಆರೋಗ್ಯ ಇಲಾಖೆ ಸೂಚಿಸಿದ ಮಟ್ಟಕ್ಕಿಂತ ಹೆಚ್ಚಿತ್ತು. ಖರೀದಿದಾರನ ದೇಶದ ಸಾರ್ವಜನಿಕ ನಿಯಮಗಳು ಮಾರಾಟಗಾರನಿಗೆ ತಿಳಿದಿರಬೇಕೆಂದು ಸಾಮಾನ್ಯವಾಗಿ ನಿರೀಕ್ಷಿಸಲಾಗದು. ಅದೇ ನಿಯಮ ಅವನ ದೇಶದಲ್ಲೂ ಇದ್ದರೆ, ಖರೀದಿದಾರ ಅದನ್ನು ತಿಳಿಸಿದ್ದರೆ, ಅಥವಾ ವಿಶೇಷ ಸಂದರ್ಭವಿದ್ದರೆ ಮಾತ್ರ ಬೇರೆ ಎಂದು ನ್ಯಾಯಾಲಯ ಹೇಳಿತು.

ನಮ್ಮ ಪಂಪಿಗೆ ಇದು ಹೊಂದುತ್ತದೆಯೇ? ಆರೋಗ್ಯದ ನಿಯಮವೂ ವಿದ್ಯುತ್ ಜಾಲದ ಆವರ್ತವೂ ಒಂದೇ ಬಗೆಯ ಸಂಗತಿಗಳೇ? ಬ್ರೆಜಿಲ್‌ನಲ್ಲಿ ಓಡದ ಪಂಪನ್ನು ಬ್ರೆಜಿಲ್‌ಗೆ ಮಾರುವುದು ಸಾಮಾನ್ಯ ಉಪಯೋಗಕ್ಕೆ ತಕ್ಕುದಾದ ಸರಕೇ? ತೀರ್ಪನ್ನು ನೆನಪಿಟ್ಟುಕೊಂಡದ್ದಕ್ಕೆ ಸಾಧಾರಣ ಅಂಕ, ಹೀಗೆ ಅದರ ಗಡಿಯನ್ನು ತಡವಿ ನೋಡಿದ್ದಕ್ಕೆ ಒಳ್ಳೆಯ ಅಂಕ.

ಈ ಒಡಂಬಡಿಕೆಗೆ ಎಲ್ಲ ದೇಶಗಳ ಮೇಲೊಂದು ನ್ಯಾಯಾಲಯವಿಲ್ಲ. ಏಕರೂಪವಾಗಿ ಅರ್ಥೈಸಬೇಕು ಎಂದು 7ನೇ ವಿಧಿ ಹೇಳುತ್ತದಾದರೂ ನ್ಯಾಯಾಲಯಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ದೋಷ ಕಂಡ ಮೇಲೆ ‘ಸೂಕ್ತ ಕಾಲ’ದೊಳಗೆ ಮಾರಾಟಗಾರನಿಗೆ ತಿಳಿಸಬೇಕು ಎನ್ನುವ 39ನೇ ವಿಧಿಯನ್ನೇ ನೋಡಿ: ಜರ್ಮನ್ ನ್ಯಾಯಾಲಯಗಳು ಸುಮಾರು ಒಂದು ತಿಂಗಳನ್ನು ಅಳತೆಗೋಲಾಗಿ ಹಿಡಿದರೆ ಆಸ್ಟ್ರಿಯಾದ್ದು ಸುಮಾರು 14 ದಿನ. ಏನೇ ಆದರೂ ಮೀರಲಾಗದ ಗಡುವು ಎರಡು ವರ್ಷ. ಇತರ ದೇಶಗಳ ತೀರ್ಪುಗಳ ಇಂಗ್ಲಿಷ್ ಸಾರಾಂಶ ಅನ್‌ಸಿಟ್ರಾಲ್‌ನ ಕ್ಲೌಟ್ ಎಂಬ ಉಚಿತ ಸಂಗ್ರಹದಲ್ಲಿ ವಿಧಿಯ ಸಂಖ್ಯೆಯ ಪ್ರಕಾರ ಸಿಗುತ್ತದೆ. ಅದನ್ನು ಬಳಸುವ ಅಭ್ಯಾಸವನ್ನು ಮೊದಲ ತಿಂಗಳಲ್ಲೇ ಮಾಡಿಕೊಳ್ಳಿ.

ಎಐ ಸಾಧನದಿಂದ ತೀರ್ಪು ಹುಡುಕುವವರಿಗೆ ಒಂದು ಮಾತು. 2023ರಲ್ಲಿ ನ್ಯೂಯಾರ್ಕ್‌ನ ಮಾಟಾ ಮತ್ತು ಏವಿಯಾಂಕಾ ನಡುವಿನ ಪ್ರಕರಣದಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ 5,000 ಡಾಲರ್ ದಂಡ ತೆತ್ತರು. ಮೂಲದಲ್ಲಿ ಕಣ್ಣಾರೆ ಓದದ ತೀರ್ಪಿನ ಹೆಸರು ನಿಮ್ಮ ಅಡಿಟಿಪ್ಪಣಿಯಲ್ಲಿ ಇರಕೂಡದು.

ಆರ್ಬಿಟ್ರೇಶನ್: ಹಳೆಯ ಪುಸ್ತಕ ಕೈಕೊಡುವ ಜಾಗ

ಈ ಮಾಡ್ಯೂಲ್‌ನಲ್ಲಿ ಮೂರು ಕಾನೂನುಗಳನ್ನು ಬೆರೆಸದಿರುವುದೇ ಮುಖ್ಯ ಪಾಠ: ಕರಾರಿಗೆ ಅನ್ವಯವಾಗುವುದು, ಆರ್ಬಿಟ್ರೇಶನ್ನಿನ ಪೀಠದ್ದು (ಕರಾರಿನಲ್ಲಿ ಅದಕ್ಕೆ ಆರಿಸಿದ ಸ್ಥಳದ್ದು), ಆರ್ಬಿಟ್ರೇಶನ್ ಷರತ್ತಿಗೇ ಅನ್ವಯವಾಗುವುದು. ನಮ್ಮ ಕರಾರಿನಲ್ಲಿ ಮೊದಲನೆಯದು ಜರ್ಮನಿ, ಎರಡನೆಯದು ಇಂಗ್ಲೆಂಡ್. ಮೂರನೆಯದು? ಬ್ರಿಟನ್‌ನ ಸುಪ್ರೀಂ ಕೋರ್ಟಿನ 2020ರ ಎನ್ಕಾ ತೀರ್ಪಿನ ಪ್ರಕಾರ, ಕರಾರಿಗೆ ಆರಿಸಿದ ಕಾನೂನೇ ಸಾಮಾನ್ಯವಾಗಿ ಷರತ್ತಿಗೂ ಅನ್ವಯ, ಎಂದರೆ ಜರ್ಮನ್. ಆದರೆ ಬ್ರಿಟನ್‌ನ 2025ರ ಆರ್ಬಿಟ್ರೇಶನ್ ಕಾಯಿದೆ ಇದನ್ನು ತಿರುಗಿಸಿತು: ಷರತ್ತಿಗೇ ಎಂದು ಬೇರೆಯಾಗಿ ಆರಿಸದಿದ್ದರೆ ಪೀಠದ ಕಾನೂನು, ಎಂದರೆ ಇಂಗ್ಲಿಷ್. ಆ ವರ್ಷದ ಆಗಸ್ಟ್ 1ರಿಂದ ಜಾರಿ. ಅದಕ್ಕೂ ಮುಂಚೆ ಶುರುವಾದ ಆರ್ಬಿಟ್ರೇಶನ್‌ಗಳಿಗೆ ಹಳೆಯ ನಿಯಮ. ಗ್ರಂಥಾಲಯದಲ್ಲಿ ಕೈಗೆ ಸಿಕ್ಕ ಪುಸ್ತಕದ ಮುದ್ರಣ ವರ್ಷ ನೋಡದೆ ಓದಿದರೆ ಉತ್ತರವೇ ತಲೆಕೆಳಗಾಗುತ್ತದೆ.

ವಿಶ್ವ ವ್ಯಾಪಾರ ಸಂಸ್ಥೆಯ ಮಾಡ್ಯೂಲ್‌ಗೂ ಇದೇ ಎಚ್ಚರಿಕೆ. ಅಲ್ಲಿನ ಮೇಲ್ಮನವಿ ಮಂಡಳಿಗೆ 2019ರ ಡಿಸೆಂಬರ್‌ನಿಂದ ಪ್ರಕರಣ ಕೇಳಲು ಬೇಕಾದಷ್ಟು ಸದಸ್ಯರೇ ಇಲ್ಲ. ಸೋತ ದೇಶ ಮೇಲ್ಮನವಿ ಸಲ್ಲಿಸಿದರೆ ವ್ಯಾಜ್ಯ ಅಲ್ಲೇ ನಿಂತುಬಿಡುತ್ತದೆ. ಹಳೆಯ ಪುಸ್ತಕಗಳಲ್ಲಿ ಈ ವ್ಯವಸ್ಥೆಯ ಹೊಗಳಿಕೆ ಓದುವಾಗ ಇದು ನೆನಪಿರಲಿ.

ಅವಾರ್ಡ್ ಬಂದ ಮೇಲೆ ವಸೂಲಿ. ಬ್ರೆಜಿಲ್‌ನ ಖರೀದಿದಾರ ಗೆದ್ದರೆ ಅವನು ಹೋಗಬೇಕಾದ್ದು ಸೋತವನ ಆಸ್ತಿ ಇರುವ ಜರ್ಮನಿಗೆ. ಅಲ್ಲಿ ನ್ಯೂಯಾರ್ಕ್ ಒಡಂಬಡಿಕೆಯ 5ನೇ ವಿಧಿಯಲ್ಲಿರುವ ಕಾರಣಗಳಿಗಷ್ಟೇ ಮಾನ್ಯತೆ ನಿರಾಕರಿಸಬಹುದು. ಆರ್ಬಿಟ್ರೇಟರ್ ಕಾನೂನನ್ನು ತಪ್ಪಾಗಿ ಅರ್ಥೈಸಿದರು ಎಂಬುದು ಆ ಪಟ್ಟಿಯಲ್ಲಿಲ್ಲ.

ಪರೀಕ್ಷೆ ಮತ್ತು ಡಿಸರ್ಟೇಶನ್

ಸಮಸ್ಯೆಯ ಪ್ರಶ್ನೆ ಬಂದಾಗ ಮೊದಲು ಯಾರ ಮೇಲೆ ಯಾರ ಹಕ್ಕು ಎಂದು ಬಾಣದ ಚಿತ್ರ ಬರೆದುಕೊಳ್ಳಿ. ಖರೀದಿದಾರನಿಂದ ಮಾರಾಟಗಾರನಿಗೆ, ಸಾಗಣೆದಾರನಿಗೆ, ವಿಮಾ ಕಂಪನಿಗೆ, ಬ್ಯಾಂಕಿಗೆ. ಪ್ರತಿ ಬಾಣಕ್ಕೂ ಬೇರೆ ಕರಾರು, ಬೇರೆ ಕಾನೂನು, ಬೇರೆ ಗಡುವು. ಆಮೇಲೆ ಬರೆಯಿರಿ. ಪ್ರಬಂಧದ ಪ್ರಶ್ನೆಗಾದರೆ ಮೊದಲ ಪ್ಯಾರಾದಲ್ಲೇ ನಿಮ್ಮ ನಿಲುವು ಇರಲಿ. ಇತ್ತ ಹೀಗೆ, ಅತ್ತ ಹಾಗೆ ಎಂದು ಬರೆದು ಕೊನೆಗೆ ನಡುವೆ ನಿಲ್ಲುವುದನ್ನು ಓದಿ ಓದಿ ಮೌಲ್ಯಮಾಪಕರು ದಣಿದಿರುತ್ತಾರೆ.

ಡಿಸರ್ಟೇಶನ್ ಸಾಮಾನ್ಯವಾಗಿ 12,000ದಿಂದ 15,000 ಪದ. ದೊಡ್ಡದು ಎನಿಸುತ್ತದೆ, ನಿಜವಾಗಿ ಚಿಕ್ಕದು. ‘ಅಂತರರಾಷ್ಟ್ರೀಯ ಮಾರಾಟದಲ್ಲಿ ಪರಿಹಾರ’ ಎಂದು ತಂದವರಿಗೆ ನಾನು ಒಂದು ವಿಧಿ, ಒಂದು ಪದ, ಎರಡು ದೇಶ ಎಂದು ಕಿರಿದಾಗಿಸಲು ಹೇಳುತ್ತೇನೆ. ಸಿಐಎಸ್‌ಜಿಯ 78ನೇ ವಿಧಿ ಬಾಕಿ ಹಣಕ್ಕೆ ಬಡ್ಡಿ ಕೊಡಬೇಕು ಎನ್ನುತ್ತದೆ, ದರ ಎಷ್ಟು ಎಂದು ಹೇಳುವುದಿಲ್ಲ. ಆ ಮೌನವನ್ನು ನ್ಯಾಯಾಲಯಗಳು ಹೇಗೆ ತುಂಬಿವೆ ಎಂಬುದೇ ಒಂದು ಡಿಸರ್ಟೇಶನ್. ಎಲೆಕ್ಟ್ರಾನಿಕ್ ಬಿಲ್ ಆಫ್ ಲೇಡಿಂಗ್ ಅನ್ನು ‘ವಶದಲ್ಲಿ’ ಇಟ್ಟುಕೊಳ್ಳುವುದು ಎಂದರೇನು ಎಂದು ಅನ್‌ಸಿಟ್ರಾಲ್‌ನ 2017ರ ಮಾದರಿ ಕಾನೂನನ್ನೂ ಬ್ರಿಟನ್‌ನ 2023ರ ಎಲೆಕ್ಟ್ರಾನಿಕ್ ವ್ಯಾಪಾರ ದಾಖಲೆಗಳ ಕಾಯಿದೆಯನ್ನೂ ಹೋಲಿಸುವುದು ಇನ್ನೊಂದು. ಸಮುದ್ರ ಸಾಗಣೆಯ ರಾಟರ್‌ಡ್ಯಾಮ್ ನಿಯಮಗಳು 2008ರಲ್ಲಿ ಅಂಗೀಕಾರವಾದರೂ ಯಾಕೆ ಜಾರಿಗೆ ಬಂದಿಲ್ಲ ಎಂಬುದರ ಮೇಲೆ ಬಹಳ ಜನ ಬರೆದಿದ್ದಾರೆ; ಹೊಸ ಕೋನ ಇಲ್ಲದಿದ್ದರೆ ಅತ್ತ ಹೋಗಬೇಡಿ.

ಮೇಲ್ವಿಚಾರಕರ ಬಳಿಗೆ ‘ಯಾವ ವಿಷಯ ತೆಗೆದುಕೊಳ್ಳಲಿ’ ಎಂದು ಬರಿಗೈಲಿ ಹೋಗಬೇಡಿ. ಒಂದು ಪ್ರಶ್ನೆ, ಅದಕ್ಕೆ ನಿಮ್ಮ ತಾತ್ಕಾಲಿಕ ಉತ್ತರ, ಆ ಉತ್ತರವನ್ನು ಉರುಳಿಸಬಹುದಾದ ಒಂದು ತೀರ್ಪು, ಇಷ್ಟನ್ನು ಒಂದು ಪುಟದಲ್ಲಿ ಒಯ್ಯಿರಿ. ಅಂಥ ಪುಟ ಹಿಡಿದು ಬಂದ ವಿದ್ಯಾರ್ಥಿಯೊಂದಿಗೆ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಅವಕಾಶ ಸಿಕ್ಕರೆ ವಿಯೆನ್ನಾದಲ್ಲಿ ಪ್ರತಿವರ್ಷ ನಡೆಯುವ ವಿಲ್ಲೆಮ್ ವಿಸ್ ಮೂಟ್ (ಅಣಕು ಆರ್ಬಿಟ್ರೇಶನ್) ಸ್ಪರ್ಧೆಗೆ ನಿಮ್ಮ ವಿಶ್ವವಿದ್ಯಾಲಯದ ತಂಡ ಸೇರಿ. ಸಿಐಎಸ್‌ಜಿಯನ್ನೂ ಆರ್ಬಿಟ್ರೇಶನ್ನನ್ನೂ ಒಂದೇ ಕಲ್ಪಿತ ವ್ಯಾಜ್ಯದಲ್ಲಿ, ಮೊದಲು ವಾದಿಯ ಪರ, ಆಮೇಲೆ ಪ್ರತಿವಾದಿಯ ಪರ ವಾದಿಸುವ ಅಭ್ಯಾಸ ತರಗತಿಯಲ್ಲಿ ಸಿಗುವುದಿಲ್ಲ. ತಂಡ ಇಲ್ಲದಿದ್ದರೆ ಇಬ್ಬರೇ ಕೂತು ಮಾಡಿ: ಒಬ್ಬರು 12 ಪಂಪುಗಳ ಪರ, ಇನ್ನೊಬ್ಬರು ವಿರುದ್ಧ, ಅರ್ಧ ಗಂಟೆ ಆದ ಮೇಲೆ ಪಕ್ಷ ಬದಲು.

ಸಲ್ಲಿಸುವ ಹಿಂದಿನ ವಾರವನ್ನು ಹೊಸದೇನೂ ಬರೆಯದೆ ತಪಾಸಣೆಗೇ ಮೀಸಲಿಡಿ. ಉಲ್ಲೇಖದ ಶೈಲಿ ಒಸ್ಕೋಲಾ ಆಗಲಿ ಬ್ಲೂಬುಕ್ ಆಗಲಿ, ವಿಶ್ವವಿದ್ಯಾಲಯ ಹೇಳಿದ್ದು ಯಾವುದೋ ಅದೊಂದೇ ಮೊದಲಿಂದ ಕೊನೆಯ ತನಕ. ನೀವು ಹೆಸರಿಸಿದ ಪ್ರತಿ ಒಡಂಬಡಿಕೆಗೂ ಯಾವ ದೇಶ ಸೇರಿದೆ, ಯಾವ ವಿಧಿಯನ್ನು ಹೊರಗಿಟ್ಟು ಸೇರಿದೆ ಎಂದು ಅನ್‌ಸಿಟ್ರಾಲ್‌ನ ಸ್ಥಿತಿಪಟ್ಟಿಯಲ್ಲಿ ಮತ್ತೊಮ್ಮೆ ನೋಡಿ, ನೋಡಿದ ದಿನಾಂಕವನ್ನು ಅಡಿಟಿಪ್ಪಣಿಯಲ್ಲಿ ಬರೆಯಿರಿ. ಪ್ರತಿ ತೀರ್ಪಿಗೂ ಮೇಲಿನ ನ್ಯಾಯಾಲಯ ಏನಾದರೂ ಹೇಳಿದೆಯೇ ಎಂದು ಹುಡುಕಿ. ವಿಧಿಯ ಸಂಖ್ಯೆಗಳನ್ನು ಮೂಲ ಪಠ್ಯ ಎದುರಿಗಿಟ್ಟುಕೊಂಡು ಬೆರಳಿಟ್ಟು ತಾಳೆ ನೋಡಿ. 38 ಎಂದು ಬರೆಯಬೇಕಾದಲ್ಲಿ 39 ಎಂದಾಗಿದ್ದರೆ ಓದುವವರಿಗೆ ಇಡೀ ಪುಟದ ಮೇಲೆ ಅನುಮಾನ ಬರುತ್ತದೆ.